ಅಡುಗೆಮನೆ ಕೆಲಸಕ್ಕೆ ಜನ ಆರಿಸಿದ ಬಗೆ

ಮಲೆನಾಡಿನಲ್ಲಿ ಅಡುಗೆಮನೆಯ ಕಪಾಟು ಮಾಡಿಸುವಾಗ ಕೆಲಸದವರ ಹೊಸ ಕೆಲಸ ನೋಡಿ ಪ್ರಯೋಜನವಿಲ್ಲ. ಎರಡು ಮಳೆಗಾಲ ದಾಟಿದ ಕೆಲಸ ನೋಡಬೇಕು. ರೇಟು ಕೇಳುವ ಮುಂಚೆ ನಾನು ಎಲ್ಲರಿಂದಲೂ ಹಳೆಯ ಗಿರಾಕಿಗಳ ಮನೆ ಕೇಳಿದೆ. ತೋರಿಸಲು ಹಿಂದೆಮುಂದೆ ನೋಡಿದವರನ್ನು ಅಲ್ಲಿಗೇ ಬಿಟ್ಟೆ.

ಅಂಥ ಮನೆಗೆ ಹೋದಾಗ ಮೊದಲು ಸಿಂಕಿನ ಕೆಳಗಿನ ಬಾಗಿಲು ತೆಗೆಯಿರಿ. ವೇಸ್ಟ್ ಪೈಪಿಗೆ ಕೊರೆದ ತೂತಿನ ಅಂಚನ್ನು ಬೆರಳಿನಿಂದ ಒತ್ತಿ. ಪ್ಲೈವುಡ್ ಹೆಚ್ಚಾಗಿ ನೀರು ಕುಡಿಯುವುದು ಕತ್ತರಿಸಿದ ಅಂಚಿನಲ್ಲಿ. ಅಲ್ಲಿ ಏನೂ ಬಳಿಯದೆ ಬಿಟ್ಟಿದ್ದರೆ ಪದರ ಬಿಚ್ಚಿ ಉಬ್ಬಿರುತ್ತದೆ. ಒಳ್ಳೆಯ ಕೆಲಸಗಾರ ಆ ಅಂಚಿಗೆ ನೀರು ತಡೆಯುವ ಎಪಾಕ್ಸಿ ಬಳಿದು, ಪೈಪಿನ ಸುತ್ತ ಸಿಲಿಕಾನ್ ತುಂಬಿರುತ್ತಾನೆ. ಆಮೇಲೆ ಬಾಗಿಲುಗಳ ಕೆಳ ಅಂಚು ನೋಡಿ: ಎಡ್ಜ್ ಬ್ಯಾಂಡ್, ಅಂದರೆ ಅಂಚಿಗೆ ಅಂಟಿಸಿದ ಪಟ್ಟಿ, ಎದ್ದಿದೆಯೇ? ಬಾಗಿಲಿಗೆ 2 ಮಿ.ಮೀ., ಒಳಪೆಟ್ಟಿಗೆಗೆ 0.8 ಮಿ.ಮೀ. ಪಿವಿಸಿ ಪಟ್ಟಿಯನ್ನು ಮೆಷಿನ್‌ನಲ್ಲಿ ಕೂರಿಸಿದ್ದರೆ ಬಾಳಿಕೆ ಬರುತ್ತದೆ. ಗೋಂದು ಹಚ್ಚಿ ಕೈಯಲ್ಲಿ ಒತ್ತಿದ್ದು ಥಂಡಿಗೆ ಬೇಗ ಬಿಡುತ್ತದೆ.

ಬಾಗಿಲು ಬಿಲ್ಲಿನಂತೆ ಬಾಗಿದ್ದರೆ ಕಾರಣ ಸಾಮಾನ್ಯವಾಗಿ ಒಂದೇ. ಹೊರಗೆ 1 ಮಿ.ಮೀ. ಲ್ಯಾಮಿನೇಟ್ (ಮೇಲೆ ಅಂಟಿಸುವ ತೆಳು ಹಾಳೆ) ಅಂಟಿಸಿ ಒಳಗೆ ಬರೀ ಬಣ್ಣ ಹೊಡೆದಿರುತ್ತಾರೆ. ಒಂದು ಮೈ ತೇವ ಎಳೆದುಕೊಳ್ಳುತ್ತದೆ, ಇನ್ನೊಂದು ಇಲ್ಲ. ಒಳಮೈಗೂ ಲ್ಯಾಮಿನೇಟ್ ಹಾಕುತ್ತೀರಾ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಮನೆಯದೇ ಹಲಸು, ಹೊನ್ನೆ ಹಲಗೆ ಇರುವವರು ಮರದ ಬಾಗಿಲು ಬಯಸುತ್ತಾರೆ. ಅವರು ಕೇಳಬೇಕಾದ ಪ್ರಶ್ನೆ: "ಆಚಾರ್ರೇ, ಚೌಕಟ್ಟಿನ ಗಾಡಿಯೊಳಗೆ ಹಲಗೆಗೆ ಗೋಂದು ಹಾಕ್ತೀರಾ?" (ಗಾಡಿ ಎಂದರೆ ಹಲಗೆ ಕೂರುವ ತೋಡು.) ಹಾಕುವುದಿಲ್ಲ, ಹಿಗ್ಗಲು ಜಾಗ ಬಿಡುತ್ತೇನೆ ಎಂದವರು ಮರ ಬಲ್ಲವರು. ಅಂಟಿಸಿದ ಹಲಗೆ ಆಷಾಢದಲ್ಲಿ ಹಿಗ್ಗಿ ಚೌಕಟ್ಟು ಬಿಡಿಸುತ್ತದೆ, ಬೇಸಿಗೆಯಲ್ಲಿ ಸೀಳುತ್ತದೆ.

ರೇಟು ಹೋಲಿಸುವಾಗ ಅಳತೆಯ ಕ್ರಮ ಕೇಳಲೇಬೇಕು. 10 ಅಡಿ ಉದ್ದ, ಎರಡೂವರೆ ಅಡಿ ಎತ್ತರದ ಕೆಳಗಿನ ಕಪಾಟುಗಳ ಸಾಲನ್ನು ಮುಂಭಾಗದ ಲೆಕ್ಕದಲ್ಲಿ ಅಳೆದರೆ 25 ಚದರಡಿ. ಅದನ್ನೇ ನಾಲ್ಕು ಪೆಟ್ಟಿಗೆ ಮಾಡಿ ಪಕ್ಕದ ಹಲಗೆ, ತಳ, ನಡುವಿನ ಒಂದೊಂದು ಶೆಲ್ಫು, ಬಾಗಿಲು ಎಲ್ಲ ಬಿಡಿಬಿಡಿಯಾಗಿ ಅಳೆದರೆ, 22 ಇಂಚು ಆಳಕ್ಕೆ ಸುಮಾರು 98 ಚದರಡಿ. ಹಾಗಾಗಿ ಚದರಡಿಗೆ ಕಡಿಮೆ ಹೇಳಿದವರದೇ ದುಬಾರಿಯಾಗಬಹುದು. ನಾನು ಎಲ್ಲರಿಗೂ ಒಂದೇ ನಕ್ಷೆ ಕೊಟ್ಟು, ಒಟ್ಟು ಮೊತ್ತವನ್ನೂ ಶೀಟಿನ ಸಂಖ್ಯೆಯನ್ನೂ ಬರೆದುಕೊಡಲು ಹೇಳಿದೆ. ಈಗ ಹೇಳಿದ ಕೆಳಸಾಲಿಗೆ 8×4 ಅಡಿಯ 18 ಮಿ.ಮೀ. ಶೀಟು ನಾಲ್ಕು ಸಾಕು, ಬೆನ್ನಿನ 6 ಮಿ.ಮೀ. ಬೇರೆ. ಆರು ಎಂದವರು ಕಾರಣ ಹೇಳಬೇಕು.

ಪ್ಲೈವುಡ್ ಐಎಸ್ 710 ದರ್ಜೆಯದೇ (ಮರೀನ್ ಪ್ಲೈವುಡ್‌ನ ಭಾರತೀಯ ಮಾನದಂಡ) ಆಗಬೇಕು. ಮರದ ನಾರು, ಚೂರು ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ನಮ್ಮ ಹವೆಗೆ ಬೇಡವೇ ಬೇಡ. "ಮರೀನ್" ಎಂದು ಮುದ್ರೆ ಇದ್ದರೆ ಸಾಲದು. ಐಎಸ್‌ಐ ಗುರುತಿನ ಬಳಿ ಇರುವ ಸಿಎಂ/ಎಲ್ ಸಂಖ್ಯೆಯನ್ನು (ಲೈಸೆನ್ಸ್ ಸಂಖ್ಯೆ) ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಲೈಸೆನ್ಸ್ ಯಾರದು, ಚಾಲ್ತಿಯಲ್ಲಿದೆಯೇ ಎಂದು ಗೊತ್ತಾಗುತ್ತದೆ. ಮಾಲು ಇಳಿಸುವಾಗಲೇ ನೋಡಿ. ಕತ್ತರಿಸಿದ ಮೇಲೆ ಮುದ್ರೆ ಸಿಗುವುದಿಲ್ಲ.

ಗೋಡೆಯ ಬಗ್ಗೆ ತಾವಾಗಿ ಪ್ರಶ್ನೆ ಕೇಳುವವರಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಜಂಬಿಟ್ಟಿಗೆ ಗೋಡೆಯಲ್ಲಿ ಸಣ್ಣ ಪ್ಲಗ್ಗು ಹಾಕಿದರೆ ಕಲ್ಲು ಪುಡಿಯಾಗಿ ಉದುರುತ್ತದೆ, ಮೇಲಿನ ಕಪಾಟಿಗೆ ಉದ್ದ ಫಾಸ್ಟನರ್ (ಗೋಡೆಯೊಳಗೆ ಬಿಗಿಯುವ ಬೋಲ್ಟು) ಬೇಕು. ಇರಚಲು ಹೊಡೆಯುವ ಪಡುವಣ ಗೋಡೆಗೆ ಕಪಾಟು ತಾಗಬಾರದು. ಅರ್ಧದಿಂದ ಒಂದು ಇಂಚು ಗಾಳಿ ಆಡಲು ಬಿಡದಿದ್ದರೆ ಬೆನ್ನಹಲಗೆಗೆ ಬೂಸ್ಟು ಹಿಡಿಯುತ್ತದೆ. ಕೆಳಪೆಟ್ಟಿಗೆ 4 ಇಂಚಿನ ಪಿವಿಸಿ ಕಾಲಿನ ಮೇಲೆ ನಿಲ್ಲಬೇಕು. ಸಿಲಿಂಡರ್ ಗೂಡಿಗೆ ನೆಲಮಟ್ಟದಲ್ಲಿ ಹೊರಗೋಡೆಗೆ ಕಿಂಡಿ ಬೇಕು, ಸೋರಿದ ಗ್ಯಾಸು ಗಾಳಿಗಿಂತ ಭಾರ.

ಶಿವಮೊಗ್ಗದ ವರ್ಕ್‌ಶಾಪಿನಲ್ಲಿ ಕತ್ತರಿಸಿ ಎಡ್ಜ್ ಬ್ಯಾಂಡ್ ಹಾಕಿಸುವುದು, ಹತ್ತಿರದ ಆಚಾರಿಯಿಂದ ಕೂರಿಸುವುದು: ಕೊನೆಗೆ ನನಗೆ ಸರಿ ಎನಿಸಿದ ಏರ್ಪಾಡು ಇದು. ಅಳತೆ ಮಾತ್ರ ಆಚಾರಿಯೇ ತೆಗೆಯಬೇಕು, ಇಲ್ಲವಾದರೆ ಹೆಚ್ಚುಕಮ್ಮಿ ಆದಾಗ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಪ್ಲೈವುಡ್, ಹಿಂಜ್, ಚಾನೆಲ್‌ಗೆ (ಡ್ರಾಯರ್ ಜಾರುವ ಹಳಿ) ಜಿಎಸ್‌ಟಿ ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ, ವಾರಂಟಿಗೆ ಅದೇ ಆಧಾರ. ಹಣದಲ್ಲಿ ನೂರಕ್ಕೆ ಹತ್ತು ಪಾಲು ಉಳಿಸಿಕೊಂಡು, ಮೊದಲ ಮಳೆಗಾಲ ಮುಗಿದು ಹಿಂಜ್ ಬಿಗಿಮಾಡಿಕೊಟ್ಟ ಮೇಲೆ ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ.