ಟ್ರೆಬಲ್ ಬೂಸ್ಟರ್‌ಗೆ ಜರ್ಮೇನಿಯಂ ಟ್ರಾನ್ಸಿಸ್ಟರ್: ನಂಬರ್ ನೋಡಿ ಕೊಳ್ಳಬೇಡಿ, ಅಳೆದು ಕೊಳ್ಳಿ

ಗಿಟಾರ್‌ನ ಟ್ರೆಬಲ್, ಅಂದರೆ ಚೂಪು ಸದ್ದನ್ನು, ಎತ್ತಿ ಕೊಡುವ ಪೆಡಲ್ ಟ್ರೆಬಲ್ ಬೂಸ್ಟರ್. ತುಂಬಾ ಸಣ್ಣ ಸರ್ಕ್ಯೂಟ್. ಒಂದು ಟ್ರಾನ್ಸಿಸ್ಟರ್, ಮೂರು ರೆಸಿಸ್ಟರ್, ಮೂರ್ನಾಲ್ಕು ಕೆಪಾಸಿಟರ್, ಒಂದು ವಾಲ್ಯೂಮ್ ಪಾಟ್, 9 ವೋಲ್ಟ್ ಬ್ಯಾಟರಿ. ಅಷ್ಟೇ. 1960ರ ದಶಕದ ಮಧ್ಯದಲ್ಲಿ ಲಂಡನ್ನಿನ ಡಲ್ಲಾಸ್ ಕಂಪನಿ ಮಾರಿದ ರೇಂಜ್‌ಮಾಸ್ಟರ್ ಇದರ ಮೂಲ. ಬ್ರಯಾನ್ ಮೇ, ಟೋನಿ ಐಯೋಮಿ, ರೋರಿ ಗ್ಯಾಲಗರ್ ಅವರ ಗಿಟಾರ್ ಸದ್ದಿನ ಹಿಂದೆ ಇಂಥ ಬೂಸ್ಟರ್ ಇದೆ. ಉಳಿದ ಬಿಡಿಭಾಗಗಳು ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತವೆ. ಹುಡುಕಬೇಕಾದದ್ದು ಜರ್ಮೇನಿಯಂ ಟ್ರಾನ್ಸಿಸ್ಟರ್ ಒಂದನ್ನೇ.

ಎಲ್ಲಿ ಹುಡುಕುವುದು?

ರೇಂಜ್‌ಮಾಸ್ಟರ್‌ನಲ್ಲಿ ಇದ್ದದ್ದು ಒಸಿ44 ಅಥವಾ ಒಸಿ71. ಈಗ ಆ ಹೆಸರಿಗೇ ಜಾಸ್ತಿ ದುಡ್ಡು. ಅದರ ಹಿಂದೆ ಓಡುವ ಅಗತ್ಯವಿಲ್ಲ. ನಮ್ಮ ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾಡುತ್ತಿತ್ತು. ಹಳೇ ರೇಡಿಯೋಗಳಲ್ಲಿ ಎಸಿ125, ಎಸಿ126, ಎಸಿ128, ಎಸಿ188 ಸಿಗುತ್ತವೆ. ಇವೆಲ್ಲ ಪಿಎನ್‌ಪಿ, ನಮಗೆ ಬೇಕಾದದ್ದೇ. ಎಸಿ127 ಮತ್ತು ಎಸಿ187 ಎನ್‌ಪಿಎನ್, ಅಂದರೆ ಪ್ಲಸ್ ಮೈನಸ್ ಉಲ್ಟಾ ಇರುವ ಜಾತಿ, ಅವನ್ನು ಬಿಡಿ. ಎಎಫ್114ರಿಂದ ಎಎಫ್117ರವರೆಗಿನವನ್ನೂ ನಾನು ಮುಟ್ಟುವುದಿಲ್ಲ. ಅವುಗಳ ಡಬ್ಬಿಯೊಳಗೆ ತವರದ ಕೂದಲೆಳೆ ಬೆಳೆದು ಶಾರ್ಟ್ ಆಗುತ್ತದೆ.

ಮೈಸೂರಿಗೆ ರೇಡಿಯೋ ನಂಟು ಹಳೆಯದು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದ ಊರಿದು. ಹಾಗಾಗಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೆಸರಾದ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಬಸ್ ಹತ್ತುವ ಮುಂಚೆ ಇಲ್ಲಿನ ಗುಜರಿ ಅಂಗಡಿಗಳನ್ನೂ, ಹಳಬರು ಇನ್ನೂ ನಡೆಸುತ್ತಿರುವ ರೇಡಿಯೋ ರಿಪೇರಿ ಅಂಗಡಿಗಳನ್ನೂ ಸುತ್ತಿ. ‘ಯಜಮಾನ್ರೇ, ಕೆಟ್ಟಿರೋ ರೇಡಿಯೋ ಬೋರ್ಡ್ ಏನಾದ್ರೂ ಇದೆಯಾ? ಎಸಿ128 ಬೇಕಿತ್ತು’ ಎಂದು ನಂಬರ್ ಹೇಳಿಯೇ ಕೇಳಿ. ಒಂದು ಮಾತು: ಇನ್ನೂ ಹಾಡುವ ರೇಡಿಯೋವನ್ನು ಇದಕ್ಕಾಗಿ ಒಡೆಯಬೇಡಿ. ಅದನ್ನು ಹಾಗೇ ಉಳಿಸಬೇಕು.

ಬೋರ್ಡ್‌ನಿಂದ ಬಿಚ್ಚುವಾಗ ಟ್ರಾನ್ಸಿಸ್ಟರ್ ಕಾಲನ್ನು ಮೂತಿ ಚೂಪಾದ ಇಕ್ಕಳದಲ್ಲಿ ಹಿಡಿದುಕೊಳ್ಳಿ. ಬಿಸಿ ಅಲ್ಲಿಗೇ ನಿಲ್ಲುತ್ತದೆ. ಜರ್ಮೇನಿಯಂ ಬಿಸಿ ತಡೆಯುವುದಿಲ್ಲ. ಒಸಿ71ರಂಥ ಗಾಜಿನ ಟ್ರಾನ್ಸಿಸ್ಟರ್ ಸಿಕ್ಕರೆ ಮೇಲಿನ ಕಪ್ಪು ಬಣ್ಣ ಕೆರೆಯಬೇಡಿ. ಒಳಗೆ ಬೆಳಕು ಬಿದ್ದರೆ ಅದು ಬೆಳಕಿಗೂ ಕುಣಿಯುತ್ತದೆ.

ಅಸಲಿಯೋ ನಕಲಿಯೋ?

ಟ್ರಾನ್ಸಿಸ್ಟರ್‌ಗೆ ಮೂರು ಕಾಲು: ಬೇಸ್, ಎಮಿಟರ್, ಕಲೆಕ್ಟರ್. ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಬೇಸ್‌ಗೆ ಕಪ್ಪು ತಂತಿ, ಎಮಿಟರ್‌ಗೆ ಕೆಂಪು ತಂತಿ ಮುಟ್ಟಿಸಿ. 0.1ರಿಂದ 0.3 ವೋಲ್ಟ್ ತೋರಿಸಿದರೆ ಜರ್ಮೇನಿಯಂ. 0.6ರ ಆಸುಪಾಸು ಬಂದರೆ ಅದು ಸಿಲಿಕಾನ್, ಮೇಲೆ ಏನೇ ಬರೆದಿರಲಿ.

ಲೀಕೇಜ್ ಮತ್ತು ಗೇನ್ ಅಳೆಯುವುದು

ಇಲ್ಲಿ ಅವಸರ ಮಾಡಬೇಡಿ. ಜರ್ಮೇನಿಯಂ ಟ್ರಾನ್ಸಿಸ್ಟರ್‌ನ ಬೇಸ್‌ಗೆ ಏನೂ ಕೊಡದಿದ್ದರೂ ಒಂದಿಷ್ಟು ಕರೆಂಟ್ ಹರಿಯುತ್ತದೆ. ನಲ್ಲಿ ಪೂರ್ತಿ ಮುಚ್ಚಿದರೂ ಹನಿ ತೊಟ್ಟಿಕ್ಕುವ ಹಾಗೆ. ಇದೇ ಲೀಕೇಜ್. ಗೇನ್ ಅಂದರೆ ಬೇಸ್‌ಗೆ ಕೊಟ್ಟ ಕರೆಂಟನ್ನು ಟ್ರಾನ್ಸಿಸ್ಟರ್ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು. ಮೀಟರ್‌ನಲ್ಲಿ ಟ್ರಾನ್ಸಿಸ್ಟರ್ ಸಿಕ್ಕಿಸುವ ತೂತು ಇದನ್ನೂ ಗೇನ್ ಎಂದೇ ಲೆಕ್ಕ ಹಾಕಿಬಿಡುತ್ತದೆ. ಅದನ್ನು ನಂಬಬೇಡಿ, ಬೆಸುಗೆಯಿಲ್ಲದೆ ಸರ್ಕ್ಯೂಟ್ ಜೋಡಿಸುವ ಬ್ರೆಡ್‌ಬೋರ್ಡ್ ಮೇಲೆ ನೀವೇ ಅಳೆಯಿರಿ.

9 ವೋಲ್ಟ್ ಬ್ಯಾಟರಿಯ ಪ್ಲಸ್ ಅನ್ನು ಎಮಿಟರ್‌ಗೆ ಕೊಡಿ. 2.2 ಕೆ (ಕಿಲೋ ಓಮ್) ಮತ್ತು 270 ಓಮ್ ರೆಸಿಸ್ಟರ್‌ಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮೂಲಕ ಕಲೆಕ್ಟರನ್ನು ಮೈನಸ್‌ಗೆ ಸೇರಿಸಿ. ಮೀಟರನ್ನು ಈ ಎರಡು ರೆಸಿಸ್ಟರ್‌ಗಳ ಆಚೆ ಈಚೆ ತುದಿಗೆ ಹಾಕಿ. ಬೇಸ್ ಸದ್ಯಕ್ಕೆ ಖಾಲಿ ಇರಲಿ. ಈಗ ಕಾಣುವ ವೋಲ್ಟೇಜ್ ಲೀಕೇಜ್‌ನದು. ಬರೆದುಕೊಳ್ಳಿ. ಆಮೇಲೆ ಬೇಸ್‌ನಿಂದ ಮೈನಸ್‌ಗೆ 2.2 ಮೆಗಾ ಓಮ್ ರೆಸಿಸ್ಟರ್ ಹಾಕಿ. ಆಗ ಬೇಸ್‌ನಲ್ಲಿ ಸುಮಾರು 4 ಮೈಕ್ರೊ ಆಂಪ್ ಹರಿಯುತ್ತದೆ, ವೋಲ್ಟೇಜ್ ಏರುತ್ತದೆ. ಎರಡನೇ ಓದಿನಿಂದ ಮೊದಲನೆಯದನ್ನು ಕಳೆದು ನೂರರಿಂದ ಗುಣಿಸಿ. ಅದೇ ನಿಜವಾದ ಗೇನ್.

ಒಂದು ಟ್ರಾನ್ಸಿಸ್ಟರ್ ಮೊದಲು 0.3, ಆಮೇಲೆ 1.2 ವೋಲ್ಟ್ ತೋರಿಸಿತು ಅಂದುಕೊಳ್ಳಿ. ಗೇನ್ 90. ಲೀಕೇಜ್ ಸುಮಾರು 120 ಮೈಕ್ರೊ ಆಂಪ್. ಒಳ್ಳೇ ಮಾಲು, ಎತ್ತಿಡಿ. ಇನ್ನೊಂದು ಮೊದಲು 1.0, ಆಮೇಲೆ 1.3 ತೋರಿಸಿತು. ಮೇಲ್ನೋಟಕ್ಕೆ 130 ಗೇನ್ ಅನ್ನಿಸುತ್ತದೆ, ನಿಜಕ್ಕೂ ಇರುವುದು 30. ಟ್ರೆಬಲ್ ಬೂಸ್ಟರ್‌ಗೆ 70ರಿಂದ 120ರವರೆಗಿನ ಗೇನ್ ಸರಿ. ಲೀಕೇಜ್ ಓದು ಅರ್ಧ ವೋಲ್ಟ್ ದಾಟಿದರೆ, ಅಂದರೆ 200 ಮೈಕ್ರೊ ಆಂಪ್ ಮೀರಿದರೆ, ಪಕ್ಕಕ್ಕಿಡಿ. ಈ ಸರ್ಕ್ಯೂಟ್‌ನಲ್ಲಿ ಟ್ರಾನ್ಸಿಸ್ಟರ್ ಮೂಲಕ ಹರಿಯಬೇಕಾದ ಕರೆಂಟೇ ಹೆಚ್ಚುಕಮ್ಮಿ ಅಷ್ಟು!

ಬೆರಳಿನ ಬಿಸಿಗೂ ಲೀಕೇಜ್ ಏರುತ್ತದೆ. ಟ್ರಾನ್ಸಿಸ್ಟರ್ ಸಿಕ್ಕಿಸಿದ ಮೇಲೆ ಓದು ಇಳಿದು ನಿಲ್ಲುವವರೆಗೂ ಕಾಯಿರಿ. ಸುಮಾರು 10 ಡಿಗ್ರಿಗೆ ಒಂದು ಸಲ ಲೀಕೇಜ್ ದುಪ್ಪಟ್ಟಾಗುತ್ತದೆ. ಡಿಸೆಂಬರ್ ಬೆಳಿಗ್ಗೆಯ ಮೈಸೂರಿಗೂ ಏಪ್ರಿಲ್ ಮಧ್ಯಾಹ್ನದ ಮೈಸೂರಿಗೂ 20 ಡಿಗ್ರಿಯಷ್ಟು ವ್ಯತ್ಯಾಸ. ಅಂದರೆ ಲೀಕೇಜ್ ನಾಲ್ಕು ಪಟ್ಟು. ಚಳಿಯಲ್ಲಿ ಪಾಸಾದದ್ದು ಬೇಸಿಗೆಯಲ್ಲಿ ಫೇಲಾಗಬಹುದು ಅಲ್ವಾ? ಅದಕ್ಕೇ ಮಧ್ಯಾಹ್ನದ ಸೆಕೆಯಲ್ಲೇ ಅಳೆಯಿರಿ ಅನ್ನುತ್ತೇನೆ.

ಸರ್ಕ್ಯೂಟ್‌ಗೆ ಹಾಕಿ ಕೇಳಿ

ಬೋರ್ಡ್‌ಗೆ ಸಾಕೆಟ್ ಬೆಸೆಯಿರಿ, ಟ್ರಾನ್ಸಿಸ್ಟರ್ ಬೇಡ. ಬೇಸ್‌ಗೆ ಬಯಾಸ್, ಅಂದರೆ ಟ್ರಾನ್ಸಿಸ್ಟರ್ ಕೆಲಸ ಮಾಡಲು ಬೇಕಾದ ವೋಲ್ಟೇಜ್, ಕೊಡುವುದು 470 ಕೆ ಮತ್ತು 68 ಕೆ ರೆಸಿಸ್ಟರ್‌ಗಳು. 68 ಕೆ ಜಾಗದಲ್ಲಿ 100 ಕೆ ಟ್ರಿಮ್ ಪಾಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ಹಾಕಿ, ಗ್ರೌಂಡ್‌ಗೆ, ಅಂದರೆ ಇಲ್ಲಿ ಬ್ಯಾಟರಿಯ ಪ್ಲಸ್‌ಗೆ, ಹೋಲಿಸಿದರೆ ಕಲೆಕ್ಟರ್‌ನಲ್ಲಿ ಮೈನಸ್ 7 ವೋಲ್ಟ್ ಬರುವಂತೆ ತಿರುಗಿಸಿ. ಅಲ್ಲಿಂದ ಮುಂದೆ ಕಿವಿ ಹೇಳಿದಂತೆ. ಪಾಸಾದ ಟ್ರಾನ್ಸಿಸ್ಟರ್‌ಗಳನ್ನು ಒಂದೊಂದಾಗಿ ಹಾಕಿ ಆಂಪ್‌ನಲ್ಲಿ ಕೇಳಿ. ಅಳತೆ ಒಂದೇ ಇದ್ದರೂ ಒಂದು ಚರಚರ ಅನ್ನುತ್ತದೆ, ಇನ್ನೊಂದು ಸದ್ದಿಲ್ಲದೆ ಕೆಲಸ ಮಾಡುತ್ತದೆ. ಗದ್ದಲ ಮಾಡುವುದನ್ನು ಮೀಟರ್ ಹಿಡಿಯುವುದಿಲ್ಲ. ಸದ್ದು ತೀರಾ ತೆಳು ಅನ್ನಿಸಿದರೆ ಟ್ರಾನ್ಸಿಸ್ಟರನ್ನು ಬೈಯಬೇಡಿ. ಇನ್‌ಪುಟ್‌ನ 4.7 ನ್ಯಾನೋ ಫ್ಯಾರಡ್ ಕೆಪಾಸಿಟರ್ ತೆಗೆದು 10 ಹಾಕಿ, ಮೈ ತುಂಬಿಕೊಳ್ಳುತ್ತದೆ.

ಈ ಸರ್ಕ್ಯೂಟ್‌ನಲ್ಲಿ ಬ್ಯಾಟರಿಯ ಪ್ಲಸ್ಸೇ ಗ್ರೌಂಡ್. ಮಿಕ್ಕ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರ್‌ಗೆ ಸಿಕ್ಕಿಸಿದರೆ ಶಾರ್ಟ್ ಆಗುತ್ತದೆ. ಇದಕ್ಕೆ ಬೇರೆ ಬ್ಯಾಟರಿಯನ್ನೇ ಇಡಿ.