4 ನಿಮಿಷದ ಪಾರ್ಕಿಂಗ್

ಮಂಗಳೂರಿನ ಬಂದರಿನ ಗೋಡೌನಿನಿಂದ ಅಂಗಡಿಗಳಿಗೆ ಬಿಸ್ಕೆಟ್, ಸಾಬೂನು, ಚಹಾಪುಡಿ ಹಾಕುವುದು ನನ್ನ ಕೆಲಸ. ಗಾಡಿ ಟಾಟಾ ಏಸ್. ಅಗಲ ಒಂದೂವರೆ ಮೀಟರ್ ಅಷ್ಟೇ. ಆದರೂ ಭವಂತಿ ಸ್ಟ್ರೀಟಿನಲ್ಲಿ ನಿಲ್ಲಿಸಿದರೆ ಹಿಂದಿನ ರಿಕ್ಷಾದವರ ಕಣ್ಣಿಗೆ ಅದು ಹತ್ತು ಚಕ್ರದ ಲಾರಿ.

ಮೊದಲು ಹತ್ತೂವರೆಗೆ ಲೈನಿಗೆ, ಅಂದರೆ ಅಂಗಡಿ ಸುತ್ತಲು, ಹೊರಡುತ್ತಿದ್ದೆ. ಹಂಪನಕಟ್ಟೆಯಲ್ಲಿ ಜಾಗ ಹುಡುಕುತ್ತಾ ಸುಮ್ನೆ ಸುತ್ತು ಹೊಡೆದು ಡೀಸೆಲ್ ಸುಡುವುದೇ ಆಯಿತು. ಒಂದು ದಿನ ಕೆ.ಎಸ್. ರಾವ್ ರಸ್ತೆಯಲ್ಲಿ, ಎರಡೇ ನಿಮಿಷ ಅಲ್ವಾ ಅಂತ ಅಡ್ಡ ನಿಲ್ಲಿಸಿ ಒಳಗೆ ಹೋದೆ. ಸಿಟಿ ಬಸ್ಸಿನವರ ಟೈಮಿಂಗ್ ಗೊತ್ತೇ ಇದೆಯಲ್ಲ. ಕಂಡಕ್ಟರ್ ಇಳಿದು ಬಂದು ಗಾಡಿಯ ಡೋರಿಗೆ ಬಡಿದರು. "ಎಂತ ಮಾರಾಯ್ರೆ, ಇದು ನಿಮ್ಮ ಮನೆ ಅಂಗಳವಾ?" ತಪ್ಪು ನನ್ನದೇ. ಆದರೆ ಹೊರಗೆ ಓಡುವ ಹಾಗೂ ಇರಲಿಲ್ಲ, ಅಂಗಡಿಯ ಧಣಿ ಡ್ರಾವರಿನಲ್ಲಿ ಹಳೇ ಬಿಲ್ಲು ಹುಡುಕುತ್ತಿದ್ದರು.

ಆ ಬಿಲ್ಲೇ ಮಂಡೆಯಲ್ಲಿ ಕೂತಿತು. ಮರುದಿನ ಮೊಬೈಲಿನಲ್ಲಿ ಟೈಮ್ ಹಿಡಿದು ನೋಡಿದೆ. ಎಂಟು ಬಾಕ್ಸ್ ಇಳಿಸಲು 4 ನಿಮಿಷ. ಹಾಳಾದ ಮಾಲು ವಾಪಸ್ ಪಡೆದು, ಹಣ ಎಣಿಸಿ, ಮುಂದಿನ ಆರ್ಡರ್ ಬರೆದು ಮುಗಿಯುವಾಗ ಮತ್ತೆ 15. ಅಷ್ಟೂ ಹೊತ್ತು ಗಾಡಿ ಸುಮ್ನೆ ರಸ್ತೆಗೆ ಅಡ್ಡ!

ಹಾಗಾಗಿ ಕೆಲಸ ಎರಡು ಪಾಲು ಮಾಡಿದೆ. ಬೆಳಿಗ್ಗೆ ಏಳೂವರೆಯಿಂದ ಮಾಲು ಇಳಿಸುವುದು ಮಾತ್ರ. ಬೇಗ ಬಾಗಿಲು ತೆಗೆಯುವ ಅಂಗಡಿ ಮೊದಲು. ಹಣ, ಆರ್ಡರ್ ಎಲ್ಲ ಮಧ್ಯಾಹ್ನ ಮೂರರ ಮೇಲೆ, ಸ್ಕೂಟರಿನಲ್ಲಿ. ಸ್ಕೂಟರಿಗೆ ಎಲ್ಲಾದರೂ ಒಂದು ಸಂದಿ ಸಿಕ್ಕೇ ಸಿಗುತ್ತದೆ.

ಶುರುವಿನಲ್ಲಿ ಜಗಳ ಆಯಿತು. "ಏಳು ಬಾಕ್ಸ್ ಬಂದದ್ದು, ಎಂಟಲ್ಲ" ಅಂದರು ಒಬ್ಬರು. ಆಮೇಲೆ ಪ್ರತಿ ಬಾಕ್ಸಿನ ಮೇಲೆ ಮಾರ್ಕರಿನಲ್ಲಿ 1/8, 2/8 ಅಂತ ಬರೆಯತೊಡಗಿದೆ. ಇಳಿಸಿದ ಕೂಡಲೇ ಫೋಟೋ ತೆಗೆದು ಅವರ ವಾಟ್ಸಾಪಿಗೆ. ಲೋಡ್ ಮಾಡುವುದೂ ತಿರುಗುಮುರುಗು: ಕೊನೆಗೆ ಇಳಿಸುವುದು ಮೊದಲು ಒಳಗೆ. ಮೊದಲು ಇದನ್ನು ಯಾಕೆ ಮಾಡಲಿಲ್ಲ ಅಂತ ಹೆಂಡತಿ ಕೇಳಿದಳು. ಉತ್ತರ ಇರಲಿಲ್ಲ.

ಹತ್ತಿರ ಹತ್ತಿರದ ಅಂಗಡಿಗಳಿಗೆ ಗಾಡಿ ಒಂದೇ ಕಡೆ ನಿಲ್ಲಿಸಿ ಕೈಗಾಡಿಯಲ್ಲಿ ತಳ್ಳುತ್ತೇನೆ. ರಥಬೀದಿಯಲ್ಲಿ ಇದು ಸಲೀಸು. ಲೈಟ್‌ಹೌಸ್ ಹಿಲ್ ರಸ್ತೆಯ ಇಳಿಜಾರಿನಲ್ಲಿ ಮಾತ್ರ ಆಗದ ಮಾತು. ಅಲ್ಲಿ ಒಮ್ಮೆ ನಾಲ್ಕು ಬಾಕ್ಸ್ ಸಾಬೂನು ನನ್ನನ್ನೇ ಎಳೆದುಕೊಂಡು ಹೋಯಿತು. ಈಗ ಆ ಕಡೆ ಹೊತ್ತುಕೊಂಡೇ ಹೋಗುವುದು. ಹ್ಯಾಂಡ್‌ಬ್ರೇಕ್ ಮೇಲೆ ಭರವಸೆ ಇಡದೆ, ಹಿಂದಿನ ಚಕ್ರಕ್ಕೆ ಮುರಕಲ್ಲಿನ (ಕೆಂಪು ಕಲ್ಲಿನ) ತುಂಡೊಂದನ್ನು ಕೊಡುತ್ತೇನೆ. ಆ ಕಲ್ಲು ಸೀಟಿನಡಿ ಯಾವಾಗಲೂ ಇರುತ್ತದೆ, ಟರ್ಪಾಲಿನ ಜೊತೆ.

ರಥಸಪ್ತಮಿ ಹೊತ್ತಿಗೆ ಕೊಡಿಯಾಲ್ ತೇರು, ರಥಬೀದಿಯ ವೆಂಕಟರಮಣ ದೇವಸ್ಥಾನದ ರಥೋತ್ಸವ. ಆಗ ರಥಬೀದಿಗೆ ಗಾಡಿ ಒಯ್ಯುವ ಯೋಚನೆಯೇ ಬೇಡ. ಆ ವಾರದ ಮಾಲು ಮುಂಚೆಯೇ ಹಾಕಿಬಿಡುತ್ತೇನೆ.

ಈಗಲೂ ಒಬ್ಬ ಧಣಿ ಒಪ್ಪಿಲ್ಲ. ಅವರು ಬಾಗಿಲು ತೆಗೆಯುವುದೇ ಹನ್ನೊಂದಕ್ಕೆ. ಅವರ ಎರಡು ಬಾಕ್ಸ್ ಮಧ್ಯಾಹ್ನ ನನ್ನ ಸ್ಕೂಟರಿನಲ್ಲಿ, ಕಾಲಿನ ಹತ್ತಿರ ಇಟ್ಟುಕೊಂಡು ಹೋಗುತ್ತದೆ.