ಸೇಂಟ್ ಕಿಲ್ಡಾದಲ್ಲಿ ಮನೆ ಮಾಡುವವರಿಗೆ ನಾಲ್ಕು ಮಾತು

ಮೆಲ್ಬರ್ನ್‌ಗೆ ಬಂದಿಳಿದ ಕೂಡಲೇ ನಮ್ಮೋರೆಲ್ಲ ಹೇಳುವುದು ಒಂದೇ. ಪಶ್ಚಿಮಕ್ಕೆ ಪಾಯಿಂಟ್ ಕುಕ್ ಕಡೆ ಹೋಗಿ, ಟಾರ್ನೀಟ್ ಕಡೆ ಹೋಗಿ, ದೊಡ್ಡ ಮನೆ ಸಿಗುತ್ತದೆ, ಅಕ್ಕಪಕ್ಕ ಕನ್ನಡದವರೂ ಇರುತ್ತಾರೆ. ಸುಳ್ಳಲ್ಲ. ಆದರೆ ಅಲ್ಲಿ ಕಾರಿಲ್ಲದೆ ದಿನ ತಳ್ಳುವುದು ಕಷ್ಟ. ಮಕ್ಕಳಿನ್ನೂ ಆಗಿಲ್ಲ, ಲೈಸೆನ್ಸ್ ಬಂದಿಲ್ಲ, ಆಫೀಸು ಸಿಟಿಯಲ್ಲಿದೆ ಅನ್ನುವವರು ಮೊದಲ ಒಂದೆರಡು ವರ್ಷ ಸಿಟಿಗೆ ಹತ್ತಿರದ ಕಡಲ ದಂಡೆಯ ಬಡಾವಣೆ ಸೇಂಟ್ ಕಿಲ್ಡಾದಲ್ಲಿ ಇದ್ದು ನೋಡಿ. ಮನೆ ಚಿಕ್ಕದು, ಬಾಡಿಗೆ ಜಾಸ್ತಿ. ಆದರೆ ಬೇಕಾದದ್ದೆಲ್ಲ ನಡೆದೇ ಮುಗಿಯುತ್ತದೆ.

ಸಿಟಿಗೆ 96ನೇ ನಂಬರ್ ಟ್ರಾಮ್ ಇದೆ. 1857ರಲ್ಲಿ ಹಾಕಿದ ರೈಲು ದಾರಿಯನ್ನು 1987ರಲ್ಲಿ ಟ್ರಾಮಿಗೆ ಬಿಟ್ಟುಕೊಟ್ಟರು. ಆ ಭಾಗದಲ್ಲಿ ಕಾರುಗಳ ಕಾಟವಿಲ್ಲ, ಸುಮಾರು ಅರ್ಧ ಗಂಟೆಯಲ್ಲಿ ಸಿಟಿ ಸೇರುತ್ತೀರಿ. ಒಂದು ಎಚ್ಚರಿಕೆ: ಫ್ರೀ ಟ್ರಾಮ್ ಝೋನ್ ಅನ್ನುವುದು ಸಿಟಿಯೊಳಗೆ ಮಾತ್ರ. ಅದರಾಚೆ ಮೈಕಿ ಕಾರ್ಡ್ (ಇಲ್ಲಿನ ಟಿಕೆಟ್ ಕಾರ್ಡ್) ತಾಗಿಸದೆ ಕೂತು, ತಪಾಸಣೆಯವರ ಕೈಗೆ ಸಿಕ್ಕಿ ದಂಡ ಕಟ್ಟುವವರಲ್ಲಿ ಹೊಸಬರೇ ಹೆಚ್ಚು.

ಮನೆ ವಿಷಯ. ಇಲ್ಲಿ ಬಾಡಿಗೆ ಹೇಳುವುದು ವಾರದ ಲೆಕ್ಕದಲ್ಲಿ, ಕಟ್ಟುವುದು ಸಾಮಾನ್ಯವಾಗಿ ತಿಂಗಳಿಗೊಮ್ಮೆ. ನಾಲ್ಕರಿಂದ ಗುಣಿಸಿ ಖುಷಿಪಡಬೇಡಿ, ತಿಂಗಳಿಗೆ ನಾಲ್ಕು ವಾರಕ್ಕಿಂತ ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ಬಾಂಡ್ ಅಂತ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ. ಅದೂ ಮಾಲೀಕರ ಜೇಬಿಗಲ್ಲ, ಸರ್ಕಾರದ ಸಂಸ್ಥೆಯ ಹತ್ತಿರ ಇರುತ್ತದೆ. ಇಲ್ಲಿ ಬಹಳಷ್ಟು ಕಟ್ಟಡಗಳು 1920–30ರ ಕಾಲದವು. ನೋಡೋಕೆ ಚೆಂದ, ಎತ್ತರದ ಸೂರು, ದಪ್ಪ ಗೋಡೆ. ಎಸಿ ಇದೆಯಾ, ವಾಷಿಂಗ್ ಮೆಷಿನ್ ಮನೆಯೊಳಗಾ ಇಲ್ಲಾ ಕೆಳಗೆ ಎಲ್ಲರಿಗೂ ಸೇರಿ ಒಂದೇನಾ, ಇವನ್ನೆಲ್ಲ ಮೊದಲೇ ಕೇಳಿ. ಒಗ್ಗರಣೆ ಹಾಕುವವರು ಅಡುಗೆಮನೆಯ ಕಿಟಕಿ ನಿಜಕ್ಕೂ ತೆರೆಯುತ್ತದಾ ಅಂತ ಕೈಯಾರೆ ತೆಗೆದು ನೋಡಿ. ಹಳೇ ಕಿಟಕಿಗಳಿಗೆ ಎಷ್ಟು ಸಲ ಬಣ್ಣ ಬಳಿದಿರುತ್ತಾರೆ ಅಂದರೆ, ಚೌಕಟ್ಟಿಗೇ ಅಂಟಿಕೊಂಡು ಬಿಟ್ಟಿರುತ್ತವೆ.

ಇಲ್ಲಿನ ಆಕ್ಲಂಡ್ ಸ್ಟ್ರೀಟ್ ಕೇಕಿಗೆ ಹೆಸರುವಾಸಿ. ಯೂರೋಪಿನಿಂದ ಬಂದ ಯಹೂದಿ ಕುಟುಂಬಗಳು ಹಾಕಿದ ಬುನಾದಿ ಅದು. ಗಾಜಿನ ಹಿಂದೆ ಗಸಗಸೆ ತುಂಬಿದ ಸುರುಳಿ ಕೇಕು, ಪ್ಲಮ್ ಕೇಕು, ಚೀಸ್ ಕೇಕು ಸಾಲಾಗಿ ಕೂತಿರುತ್ತವೆ. ಮೊಟ್ಟೆ ತಿನ್ನದವರು ಕೇಳಿಯೇ ಕೊಳ್ಳಿ. ದಿನದ ತರಕಾರಿ, ಬ್ರೆಡ್ಡಿಗೆ ನನ್ನ ಓಟು ಮಾತ್ರ ಪಕ್ಕದ ಬಾಲಕ್ಲಾವಾದ ಕಾರ್ಲೈಲ್ ಸ್ಟ್ರೀಟಿಗೆ. ಪ್ರವಾಸಿಗರ ಗದ್ದಲ ಕಡಿಮೆ, ಪಕ್ಕದಲ್ಲೇ ರೈಲ್ವೆ ಸ್ಟೇಷನ್. ಸೋನಾ ಮಸೂರಿ, ಬ್ಯಾಡಗಿ ಮೆಣಸು, ಹುರುಳಿಕಾಳು ಬೇಕಾದಾಗ ಡ್ಯಾಂಡಿನಾಂಗ್‌ನ ಲಿಟಲ್ ಇಂಡಿಯಾಗೆ ಹೋಗಿ ಒಟ್ಟಿಗೆ ಹೊತ್ತು ತನ್ನಿ.

ಇನ್ನು ಕಡಲು. ಇದು ಪೋರ್ಟ್ ಫಿಲಿಪ್ ಕೊಲ್ಲಿ, ತೆರೆದ ಸಮುದ್ರವಲ್ಲ. ಅಲೆ ಸಣ್ಣದು. ಆದರೂ ಜೀವರಕ್ಷಕರ ಕೆಂಪು-ಹಳದಿ ಬಾವುಟ ಕಂಡರೆ ಅವುಗಳ ಮಧ್ಯೆಯೇ ಇಳಿಯಿರಿ. ಜೋರು ಮಳೆ ಬಂದು ಹೋದ ಮೇಲೆ ಒಂದೆರಡು ದಿನ ಈಜಲೇಬೇಡಿ: ಊರಿನ ಬೀದಿ ಚರಂಡಿಗಳ ಕೊಳೆಯೆಲ್ಲ ಕೊಲ್ಲಿಗೇ ಬಂದು ಸೇರುತ್ತದೆ. ನಮ್ಮದು ಕಪ್ಪು ಚರ್ಮ, ಸನ್‌ಸ್ಕ್ರೀನ್ ಯಾಕೆ ಅನ್ನಬೇಡಿ, ಇಲ್ಲಿನ ಬಿಸಿಲು ಬೇರೆ ಥರ. ಮಧ್ಯಾಹ್ನ 38 ಡಿಗ್ರಿ ಇದ್ದದ್ದು, ದಕ್ಷಿಣದ ಗಾಳಿ ತಿರುಗಿತೆಂದರೆ ಸಂಜೆಗೆ 20ಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲೂ ಚೀಲದಲ್ಲೊಂದು ಸ್ವೆಟರ್ ಇರಲಿ.

ಕರಾವಳಿಯವರಿಗೆ ಒಂದು ಸಮಾಧಾನ: ಮಲ್ಪೆ, ಪಣಂಬೂರಿನಂತೆ ಇಲ್ಲೂ ಸೂರ್ಯ ಮುಳುಗುವುದು ನೀರಿಗೇ. ಜನವರಿಯಲ್ಲಿ ಅದು ರಾತ್ರಿ ಎಂಟೂ ಮುಕ್ಕಾಲಿನ ಹೊತ್ತಿಗೆ. ಆಫೀಸಿಂದ ಬಂದು, ಊಟ ಮುಗಿಸಿ ಹೋದರೂ ಬೆಳಕಿರುತ್ತದೆ. ನೀರಿನೊಳಕ್ಕೆ ಚಾಚಿದ ಕಟ್ಟೆಯ (ಪಿಯರ್) ಕೊನೆಗೆ, 1956ರ ಒಲಿಂಪಿಕ್ಸ್‌ನ ದೋಣಿ ಪಂದ್ಯಗಳಿಗಾಗಿ ಕಟ್ಟಿದ ಬಂಡೆಯ ತಡೆಗೋಡೆಯಲ್ಲಿ ಪುಟ್ಟ ಪೆಂಗ್ವಿನ್‌ಗಳು ಗೂಡು ಮಾಡಿಕೊಂಡಿವೆ. ನೋಡಲು ಯಾವಾಗ ಬಿಡುತ್ತಾರೆ ಅಂತ ವಿಚಾರಿಸಿಕೊಂಡು ಹೋಗಿ, ಫ್ಲ್ಯಾಶ್ ಹಾಕಬೇಡಿ. ಊರಿಂದ ಅಪ್ಪ-ಅಮ್ಮ ಬಂದಾಗ ಲೂನಾ ಪಾರ್ಕ್ ತೋರಿಸಿ. 1912ರದ್ದು. ಅಲ್ಲಿನ ಮರದ ರೋಲರ್ ಕೋಸ್ಟರಿನಲ್ಲಿ ಇವತ್ತಿಗೂ ಒಬ್ಬ ಮನುಷ್ಯ ಗಾಡಿಯ ನಡುವೆ ನಿಂತು ಕೈಯಿಂದ ಬ್ರೇಕ್ ಹಾಕುತ್ತಾನೆ. ಭಾನುವಾರ ಕಡಲ ದಂಡೆಯ ರಸ್ತೆ ಎಸ್ಪ್ಲನೇಡ್‌ನಲ್ಲಿ ಕರಕುಶಲ ಸಂತೆ, ಅದು 1970ರಿಂದ ನಡೆದು ಬಂದಿದೆ. ಚೆನ್ನಾಗಿದೆ, ಬೆಲೆ ಮಾತ್ರ ಸಂತೆಯದ್ದಲ್ಲ.

ಕಹಿಯನ್ನೂ ಹೇಳಿಬಿಡುತ್ತೇನೆ. ಫಿಟ್ಜ್‌ರಾಯ್ ಸ್ಟ್ರೀಟಿನಲ್ಲಿ ಮನೆಯಿಲ್ಲದವರು, ಅಮಲಿನಲ್ಲಿ ಒಬ್ಬೊಬ್ಬರೇ ಕೂಗಾಡುವವರು ಕಾಣುತ್ತಾರೆ. ಹೆಚ್ಚಿನವರು ಯಾರ ತಂಟೆಗೂ ಬರುವುದಿಲ್ಲ. ದಿಟ್ಟಿಸಿ ನೋಡದೆ ನಿಮ್ಮ ಪಾಡಿಗೆ ನಡೆಯಿರಿ. ಫೆಬ್ರವರಿಯ ಸೇಂಟ್ ಕಿಲ್ಡಾ ಫೆಸ್ಟಿವಲ್ ದಿನ ಮಾತ್ರ ಕಾರು ತೆಗೆಯುವ ಆಸೆ ಬಿಟ್ಟುಬಿಡಿ. ಮಗು ಬಂದ ಮೇಲೆ ಪಶ್ಚಿಮದ ದೊಡ್ಡ ಮನೆಗಳೇ ವಾಸಿ ಅನ್ನಿಸಬಹುದು, ಆಗ ಹೋದರಾಯಿತು, ಅಲ್ವಾ?

ಬಾಡಿಗೆ ಮನೆಗೆ ಅರ್ಜಿ ಹಾಕುವ ಮೊದಲು ಶನಿವಾರ ರಾತ್ರಿ ಹತ್ತರ ಮೇಲೆ ಆ ಮನೆಯ ಬೀದಿಯಲ್ಲಿ ಒಂದು ಸುತ್ತು ನಡೆದು ಬನ್ನಿ. ತಡೆಯೋಕಾಗದ ಗಲಾಟೆ ಅನ್ನಿಸಿದರೆ ಪಕ್ಕದ ಎಲ್‌ವುಡ್ ನೋಡಿ. ಅಲ್ಲೂ ಕಡಲಿದೆ, ಟ್ರಾಮ್ ಮಾತ್ರ ಸ್ವಲ್ಪ ದೂರ.